ವಯಸ್ಸಾದ ಬೆಕ್ಕು ಟ್ರೇ ಬಿಟ್ಟು ಗೋಣಿಚೀಲದ ಮೇಲೆ ಉಚ್ಚೆ ಹೊಯ್ತಿದ್ರೆ ಎಂತ ಮಾಡೋದು

ನಮ್ಮನೆ ಮಾಣಿಗೆ ಈಗ 16 ವರ್ಷ. ಮಾಣಿ ಅಂದ್ರೆ ಹುಡುಗ ಅಲ್ಲ ಮಾರಾಯ್ರೆ, ಬೆಕ್ಕು. ನಾನು ಮದುವೆಯಾಗಿ ತೀರ್ಥಹಳ್ಳಿ ಹತ್ರದ ಈ ಮನೆಗೆ ಬಂದ ವರ್ಷಾನೇ ಸೌದೆ ಕೊಟ್ಟಿಗೇಲಿ ಹುಟ್ಟಿದ್ದು, ಹಂಗಾಗಿ ಅವನ ವಯಸ್ಸಿನ ಲೆಕ್ಕ ತಪ್ಪೋ ಹಾಗೇ ಇಲ್ಲ. ಇಷ್ಟು ವರ್ಷ ಅಂಗಳದಾಚೆ ಮಣ್ಣು ಕೆರೆದು ತನ್ನ ಕೆಲಸ ಮುಗಿಸ್ತಿದ್ದವನು, 13 ದಾಟಿದ ಮೇಲೆ ಮಳೇಲಿ ಹೊರಗೆ ಕಾಲಿಡೋಕೆ ಒಪ್ಪಲಿಲ್ಲ, ಸರಿ ಅಂತ ಒಳಗೇ ಟ್ರೇ ಇಟ್ವಿ, ಎರಡೇ ದಿನಕ್ಕೆ ಕಲ್ತ. ಹೋದ ವರ್ಷ ಆಷಾಢದಲ್ಲಿ ಒಂದಿನ ಬೆಳಿಗ್ಗೆ ಎದ್ದು ನೋಡಿದ್ರೆ ಜಗಲೀಲಿ ಮಡಚಿಟ್ಟಿದ್ದ ಖಾಲಿ ಗೋಣಿಚೀಲ ಪೂರ್ತಿ ಒದ್ದೆ, ಪಕ್ಕದಲ್ಲೇ ಅಡಿಕೆ ತುಂಬಿದ ಮೂಟೆ, ಪುಣ್ಯಕ್ಕೆ ಅದಕ್ಕೆ ತಾಗಿರ್ಲಿಲ್ಲ, ತಾಗಿದ್ರೆ ಅವತ್ತು ಮನೇಲಿ ಮಾಣಿ ಇರ್ತಿದ್ನೋ ನಾನಿರ್ತಿದ್ನೋ ಗೊತ್ತಿಲ್ಲ.

ಅತ್ತೆ ಅಂದ್ರು "ಹಠ ಕಣೇ ಅದಕ್ಕೆ, ಮುದ್ದು ಮಾಡಿ ತಲೆ ಮೇಲೆ ಕೂರಿಸ್ಕೊಂಡಿದೀಯ". ಭಾವ "ಅರಳು ಮರಳು ಅತ್ತಿಗೆ, ಮನುಷ್ಯರಿಗೇ ಬಿಡಲ್ಲ" ಅಂತ ನಕ್ಕು ತೋಟಕ್ಕೆ ಹೋದ. ಮೊದಲು ತೋರಿಸಿದ ಡಾಕ್ಟ್ರೂ ಮುಟ್ಟಿ ನೋಡದೇ "ವಯಸ್ಸಾಯ್ತಲ್ಲಮ್ಮ" ಅಂದು ಕಳಿಸಿದ್ರು. ಮೂರೂ ತಪ್ಪು ಅಂತ ಗೊತ್ತಾಗಿದ್ದು ನಾಲ್ಕನೇ ದಿನ ರಾತ್ರಿ. ಕರೆಂಟ್ ಇರ್ಲಿಲ್ಲ, ನೀರು ಕುಡಿಯೋಕೆ ಎದ್ದವಳು ಟಾರ್ಚ್ ಬಿಟ್ಟು ನೋಡ್ತೀನಿ, ಮಾಣಿ ಟ್ರೇ ಮುಂದೇನೇ ನಿಂತಿದಾನೆ. ಮುಂದಿನ ಎರಡು ಕಾಲು ಅಂಚಿನ ಮೇಲಿಟ್ಟ. ಹಿಂಗಾಲು ಎತ್ತೋಕೆ ಹೋದ, ತೊಡೆ ಗಡಗಡ ನಡುಗ್ತು, ಇಳಿಸಿಬಿಟ್ಟ. ಇನ್ನೊಂದ್ಸಲ ಟ್ರೈ ಮಾಡ್ದ. ಆಮೇಲೆ ನನ್ನ ಕಡೆ ಒಂದ್ಸಲ ನೋಡಿ, ತಿರುಗಿ, ನಿಧಾನಕ್ಕೆ ಜಗಲಿಗೆ ಹೋಗಿ ಗೋಣಿ ಮೇಲೆ ಕೂತ. ನಾವು ಇಟ್ಟಿದ್ದ ಟ್ರೇ ಅಂಚು ಹತ್ರಹತ್ರ ಒಂದು ಗೇಣು ಎತ್ತರ ಇತ್ತು. ಅಷ್ಟೇ ವಿಷಯ. ಅವನಿಗೆ ಜಾಗ ಮರೆತಿರ್ಲಿಲ್ಲ, ಹತ್ತೋಕಾಗ್ತಿರ್ಲಿಲ್ಲ.

ಅದಕ್ಕೇ ಹೇಳೋದು, ಬೈಯೋಕೆ ಮುಂಚೆ, ಹೊಸ ಲಿಟ್ಟರ್ (ಟ್ರೇ ಒಳಗೆ ಹಾಕೋ ಮಣ್ಣು, ಪುಡಿ) ತರ್ಸೋಕೂ ಮುಂಚೆ, ಎರಡು ಮೂರು ದಿನ ಸುಮ್ಮನೆ ನೋಡಿ. ಎಲ್ಲಿ ಹೊಯ್ತಾನೆ, ಎಷ್ಟು ಹೊಯ್ತಾನೆ, ನಿಂತಾ ಕೂತಾ, ಟ್ರೇ ಹತ್ರ ಹೋಗಿ ವಾಪಸ್ ಬಂದ್ನಾ ಇಲ್ಲಾ ಆ ಕಡೆ ತಲೇನೇ ಹಾಕ್ಲಿಲ್ವಾ. ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕ ಬರೀತೀವಲ್ಲ, ಅದೇ ಥರ ಅಲ್ಲೇ ಗೀಚಿಡಿ.

ಆದ್ರೆ ಒಂದು ಕೇಸಲ್ಲಿ ನೋಡ್ತಾ ಕೂರೋ ಹಾಗಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಬೆಕ್ಕು, ಅದ್ರಲ್ಲೂ ಗಂಡು ಬೆಕ್ಕು, ಪದೇ ಪದೇ ಕೂತು ತಿಣುಕ್ತಾ ಇದೆ, ಒಂದು ಹನಿ ಬರುತ್ತೆ ಇಲ್ಲಾ ಏನೂ ಬರಲ್ಲ, ಕೂಗುತ್ತೆ, ಹಿಂದೆ ನೆಕ್ಕೊಳ್ತಾನೇ ಇರುತ್ತೆ ಅಂದ್ರೆ ಮೂತ್ರನಾಳ ಕಟ್ಟಿರೋ ಸಾಧ್ಯತೆ ಇದೆ. ಉಚ್ಚೆ ಪೂರ್ತಿ ನಿಂತ್ರೆ ರಕ್ತದಲ್ಲಿ ಪೊಟ್ಯಾಷಿಯಂ ಏರಿ ಹೃದಯ ನಿಲ್ಲುತ್ತೆ, ಒಂದೆರಡು ದಿನದಲ್ಲೇ ಜೀವ ಹೋಗುತ್ತೆ. ನಮ್ಮ ಕಡೆ ಜನ ಇದನ್ನ ಮಲಬದ್ಧತೆ ಅಂದ್ಕೊಂಡು ಹರಳೆಣ್ಣೆ ಕುಡಿಸ್ತಾ ಕೂರ್ತಾರೆ, ಕೂತು ತಿಣುಕೋ ಭಂಗಿ ಎರಡಕ್ಕೂ ಒಂದೇ ಥರ ಕಾಣುತ್ತೆ ನೋಡಿ. ಡೌಟ್ ಬಂದ ತಕ್ಷಣ, ರಾತ್ರಿ ಆಗಿದ್ರೂ ಸೈತ, ಗಾಡಿ ಮಾಡ್ಕೊಂಡು ಹೊರಡಿ. ಹೊಟ್ಟೆ ಅಮುಕಿ ಉಚ್ಚೆ ಹೊರಗೆ ತರ್ಸೋ ಸಾಹಸ ಮಾತ್ರ ಬೇಡ.

ಆ ಥರ ಇಲ್ಲ ಅಂದ್ರೆ ಕ್ಯಾಲೆಂಡರ್ ಲೆಕ್ಕ ನೋಡಿ. ಗೋಡೆಗೋ ಬಾಗಿಲಿಗೋ ಬೆನ್ನು ಮಾಡಿ ನಿಂತು, ಬಾಲ ಎತ್ತಿ ನಡುಗಿಸ್ತಾ ಚಿಮ್ಮಿಸಿದ್ರೆ ಅದು ಗುರುತು ಹಾಕೋದು, ಹೊರಗೆ ಹೊಸ ಬೆಕ್ಕು ಓಡಾಡ್ತಿದ್ರೆ ಬೀಜ ತೆಗೆಸಿದ ಬೆಕ್ಕೂ ಕೆಲವು ಸಲ ಮಾಡುತ್ತೆ, ಆ ಕಥೆ ಬೇರೆ. ಅಲ್ಲಲ್ಲಿ ಚಿಕ್ಕ ಚಿಕ್ಕ ಕಲೆ, ಅದ್ರಲ್ಲಿ ಕೆಂಪು ಇದ್ರೆ ಮೂತ್ರಕೋಶದಲ್ಲಿ ಉರಿ, ಸೋಂಕು ಇಲ್ಲಾ ಕಲ್ಲು. ದೊಡ್ಡ ಕೆರೆ ಥರ ಮಾಡ್ತಿದ್ರೆ, ಉಚ್ಚೆಗೆ ಬಣ್ಣವೂ ಇಲ್ಲ ವಾಸನೆಯೂ ಅಷ್ಟಿಲ್ಲ ಅಂದ್ರೆ, ನೀರು ಜಾಸ್ತಿ ಕುಡೀತಿದೆ ಅಂತ ಅರ್ಥ. ಮುದಿ ಬೆಕ್ಕಲ್ಲಿ ಇದಕ್ಕೆ ಮೂರು ಕಾರಣ ಮುಖ್ಯ: ಕಿಡ್ನಿ, ಸಕ್ಕರೆ ಕಾಯಿಲೆ, ಥೈರಾಯ್ಡ್. ಟ್ರೇ ಬೇಗ ಒದ್ದೆ ಆಗುತ್ತೆ, ಒದ್ದೆ ಟ್ರೇಗೆ ಕಾಲಿಡೋಕೆ ಬೆಕ್ಕಿಗೆ ಅಸಹ್ಯ, ಹೋಗಿ ಒಣಗಿರೋ ಚೀಲ ಹುಡುಕುತ್ತೆ. ನಾವಾದ್ರೂ ಅಷ್ಟೇ ಅಲ್ವಾ.

ಕಿಡ್ನಿ ವಿಷಯ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ವಯಸ್ಸಾದ ಬೆಕ್ಕುಗಳಲ್ಲಿ ಇದು ತುಂಬಾ ಕಾಮನ್, ಮತ್ತೆ ಬೇಗ ಗೊತ್ತೇ ಆಗಲ್ಲ. ಉಚ್ಚೆ ಗಟ್ಟಿ ಮಾಡೋ ಶಕ್ತಿ ಹೋಗೋ ಹೊತ್ತಿಗೆ ಕಿಡ್ನಿ ಕೆಲಸ ಮೂರರಲ್ಲಿ ಎರಡು ಪಾಲು ಹೋಗಿರುತ್ತೆ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕ್ಬೇಕಾದ ಕಸ) ಏರೋದು ಇನ್ನೂ ತಡ, ಸುಮಾರು ಮುಕ್ಕಾಲು ಪಾಲು ಹೋದ ಮೇಲೆ. ಹಂಗಾಗಿ ರಕ್ತ ಒಂದೇ ನೋಡಿದ್ರೆ ಸಾಲದು, ಉಚ್ಚೆಯ ಸಾಂದ್ರತೆನೂ ನೋಡಿ ಅಂತ ಕೇಳಿ. ಮನೇಲಿ ನೀವು ಮಾಡಬಹುದಾದ್ದು ನೀರಿನ ಅಳತೆ. ಬೆಳಿಗ್ಗೆ ಬಟ್ಟಲಿಗೆ ಅಳೆದು ಹಾಕಿ, ಮಾರನೇ ದಿನ ಉಳಿದಿದ್ದು ಅಳೀರಿ, ಬಚ್ಚಲಲ್ಲಿ ಬಕೆಟ್ ನೀರು ತೆರೆದಿಡಬೇಡಿ, ಅಲ್ಲಿ ಕುಡಿದ್ರೆ ಲೆಕ್ಕ ತಪ್ಪುತ್ತೆ. ಕೆಜಿಗೆ 100 ಎಂಎಲ್ ದಾಟಿದ್ರೆ, ಅಂದ್ರೆ 4 ಕೆಜಿ ಬೆಕ್ಕು ದಿನಕ್ಕೆ 400 ಎಂಎಲ್ ಮೇಲೆ ಕುಡಿದ್ರೆ ಅದು ಖಂಡಿತ ಜಾಸ್ತಿ, 200 ದಾಟಿದ್ರೂ ಡಾಕ್ಟ್ರಿಗೆ ಹೇಳೋದು ಒಳ್ಳೇದು. ಜಾಸ್ತಿ ಕುಡಿಯುತ್ತೆ ಅಂತ ನೀರು ಮಾತ್ರ ಕಮ್ಮಿ ಮಾಡಬೇಡಿ, ಹೊರಗೆ ಹೋಗ್ತಿರೋದಕ್ಕೆ ಅದು ಕುಡೀತಿರೋದು. ಚೆನ್ನಾಗಿ ತಿಂತಾ ಇದ್ರೂ ಸೊರಗ್ತಾ ಇದ್ರೆ ಥೈರಾಯ್ಡ್ ಇಲ್ಲಾ ಸಕ್ಕರೆ ಕಡೆ ಯೋಚ್ನೆ ಹೋಗ್ಬೇಕು, ಸಕ್ಕರೆ ಜಾಸ್ತಿ ಆದ ಕೆಲವು ಬೆಕ್ಕು ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ ನಡೆಯುತ್ತೆ. ತೂಕಕ್ಕೆ ನಾವು ಅಡಿಕೆ ತೂಗೋ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಬುಟ್ಟಿ ಸಮೇತ ಇಡ್ತೀವಿ, ತಿಂಗಳಿಗೊಂದ್ಸಲ.

ಡಾಕ್ಟ್ರ ಹತ್ರ ಹೋಗುವಾಗ ಉಚ್ಚೆ ತಗೊಂಡ್ ಹೋದ್ರೆ ಅರ್ಧ ಕೆಲಸ ಆದಂಗೆ. ತೊಳೆದು ಒಣಗಿಸಿದ ಖಾಲಿ ಟ್ರೇಗೆ ಲಿಟ್ಟರ್ ಬದಲು ಫಿಶ್ ಟ್ಯಾಂಕಿಗೆ ಹಾಕೋ ಸಣ್ಣ ಕಲ್ಲು ತೊಳೆದು ಹಾಕಿಡಿ, ನೀರು ಹೀರದೇ ಇರೋದು ಯಾವುದಾದ್ರೂ ಆಗುತ್ತೆ. ಹೊಯ್ದ ಮೇಲೆ ಟ್ರೇ ವಾಲಿಸಿ, ಸೂಜಿ ತೆಗೆದ ಸಿರಿಂಜಲ್ಲಿ ಎಳೆದು, ಸ್ವಚ್ಛ ಬಾಟ್ಲಿಗೆ ಹಾಕಿ ಫ್ರಿಜ್ಜಲ್ಲಿಟ್ಟು ಅವತ್ತೇ ತಲುಪಿಸಿ. ನಮಗೆ ಶಿವಮೊಗ್ಗ 60 ಕಿಲೋಮೀಟರ್, ಐಸ್ ಪ್ಯಾಕ್ ಜೊತೆ ಟಿಫನ್ ಕ್ಯಾರಿಯರಲ್ಲಿ ಇಟ್ಕೊಂಡ್ ಹೋದೆ (ಆ ಕ್ಯಾರಿಯರ್ ಈಗ ಅಡಿಗೆ ಮನೆ ಕಡೆ ಬರೋ ಹಾಗಿಲ್ಲ, ಅತ್ತೆ ಆರ್ಡರ್). ಹತ್ರದಲ್ಲಿ ಬೆಕ್ಕು ನೋಡೋರು ಸಿಗದಿದ್ರೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿ ವಿಚಾರಿಸಬಹುದು. ಹೋಗೋಕೆ ಮುಂಚೆ ಬೆಕ್ಕು ನಡೆಯೋದು, ಹತ್ತೋದು, ಇಳಿಯೋದು ಮೊಬೈಲಲ್ಲಿ ವಿಡಿಯೋ ಮಾಡ್ಕೊಳಿ, ಟೇಬಲ್ ಮೇಲೆ ಹೆದರಿ ಮುದುರಿ ಕೂತ ಬೆಕ್ಕಲ್ಲಿ ಕುಂಟು ಕಾಣಲ್ಲ. ನಮ್ಮ ಎರಡನೇ ಡಾಕ್ಟ್ರು ಆ ವಿಡಿಯೋ ನೋಡೇ ಸೊಂಟದ ಎಕ್ಸ್‌ರೇ ಬರೆದಿದ್ದು.

ಮಾಣಿದು ಅದೇ ಆಗಿತ್ತು, ಕೀಲು ಸವೆತ, ಎರಡೂ ಸೊಂಟದ ಕೀಲು ಮತ್ತೆ ಬೆನ್ನುಮೂಳೆ ಕೆಳಗೆ. ಇದು ಅಪರೂಪ ಏನಲ್ಲ, 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದ ಒಂದು ಅಧ್ಯಯನ 2002ರಲ್ಲಿ ಬಂದಿತ್ತು, ಅದ್ರಲ್ಲಿ 90 ಬೆಕ್ಕಿಗೆ ಕೀಲು ಸವೆದಿರೋ ಗುರುತಿತ್ತು. ಬೆಕ್ಕು ನಾಯಿ ಥರ ಕುಯ್ಯೋ ಅನ್ನಲ್ಲ, ಕುಂಟೋದೂ ಕಮ್ಮಿ, ಮಾಡೋ ಕೆಲಸ ಒಂದೊಂದೇ ಬಿಡ್ತಾ ಹೋಗುತ್ತೆ ಅಷ್ಟೇ. ಮಾಣಿ ಅಟ್ಟ ಹತ್ತೋದು ಬಿಟ್ಟು ಎರಡು ವರ್ಷ ಆಗಿತ್ತು, ನಾವು "ಇಲಿ ಹಿಡಿಯೋಕೆ ಸೋಮಾರಿ ಆದ" ಅಂತ ನಗಾಡ್ತಿದ್ವಿ. ಬಾಲದ ಬುಡದ ಕೂದಲು ಗಂಟುಗಂಟಾಗಿದ್ದು, ಉಗುರು ಬೆಳೆದು ಚಾಪೆಗೆ ಸಿಕ್ಕೊಳ್ತಿದ್ದಿದ್ದು, ಬಚ್ಚಲ ಒಲೆ ಪಕ್ಕ ಬಿಟ್ಟು ಏಳದೇ ಇದ್ದಿದ್ದು, ಎಲ್ಲಾ ಕಣ್ಣೆದುರೇ ಇತ್ತು. ಈಗ ನೆನೆಸ್ಕೊಂಡ್ರೆ ಬೇಜಾರಾಗುತ್ತೆ.

ನೋವಿಗೆ ಅಂತ ಮನೇಲಿರೋ ಮಾತ್ರೆ ಮಾತ್ರ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ನಾವು ಜ್ವರಕ್ಕೆ ನುಂಗೋ ಒಂದೇ ಮಾತ್ರೆ ಸಾಕು ಸಾಯೋಕೆ, ಅದನ್ನ ಕರಗಿಸಿ ಹೊರಹಾಕೋ ವ್ಯವಸ್ಥೆ ಬೆಕ್ಕಿನ ಲಿವರಲ್ಲಿ ಸರಿಯಾಗಿ ಇಲ್ಲ, ರಕ್ತ ಆಮ್ಲಜನಕ ಹೊರೋದನ್ನ ಬಿಡುತ್ತೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತೆ. ಐಬುಪ್ರೊಫೆನ್ನೂ ಬೇಡ. ಬೆಕ್ಕಿಗೆ ಅಂತಾನೇ ಕೊಡೋ ನೋವಿನ ಔಷಧಿ ಇವೆ, ಅವನ್ನೂ ಕಿಡ್ನಿ ನೋಡ್ಕೊಂಡೇ ಡಾಕ್ಟ್ರು ಡೋಸ್ ಹೇಳೋದು, ಹನಿ ಲೆಕ್ಕ. ಚೆನ್ನಾಗಿ ಆಯ್ತು ಅಂತ ಇನ್ನೆರಡು ಹನಿ ಜಾಸ್ತಿ ಹಾಕೋ ನಮ್ಮ ಬುದ್ಧಿ ಇಲ್ಲಿ ನಡೆಯಲ್ಲ.

ಈಗ ಟ್ರೇ. ಅಂಗಡೀಲಿ ಸಿಗೋ ಬಹುಪಾಲು ಟ್ರೇ ಮುದಿ ಬೆಕ್ಕಿಗೆ ಚಿಕ್ಕದು, ಇಲ್ಲಾ ಅಂಚು ಎತ್ತರ. ಮೂಗಿಂದ ಬಾಲದ ಬುಡದವರೆಗೆ ಅಳೀರಿ, ಅದರ ಒಂದೂವರೆ ಪಟ್ಟು ಉದ್ದ ಇರಲಿ, ಸೊಂಟ ನೋವಿರೋನು ಒಳಗೆ ತಿರುಗೋಕೆ ಅಷ್ಟು ಜಾಗ ಬೇಕು. ನಾನು ಮಾಡಿದ್ದು ಹೀಗೆ: ಕಂಬಳಿ ತುಂಬಿಡೋ ದೊಡ್ಡ ಪ್ಲಾಸ್ಟಿಕ್ ಡಬ್ಬ ಇತ್ತಲ್ಲ, ಅದರ ಮುಚ್ಚಳ ಒಡೆದಿತ್ತು, ಅದರ ಒಂದು ಬದಿ ಚಾಕು ಬಿಸಿ ಮಾಡಿ ಕೊಯ್ದು ನಾಲ್ಕು ಬೆರಳು ಎತ್ತರ ಮಾತ್ರ ಬಿಟ್ಟೆ, ಉಳಿದ ಮೂರು ಬದಿ ಹಂಗೇ ಎತ್ತರ. ಮುದಿ ಬೆಕ್ಕು ಪೂರ್ತಿ ಕೂರಲ್ಲ, ಅರ್ಧ ನಿಂತೇ ಹೊಯ್ಯುತ್ತೆ, ಅಂಚಿನ ಮೇಲಿಂದ ಆಚೆ ಹೋಗುತ್ತೆ, ಅದಕ್ಕೆ ಹಿಂದೆ ಗೋಡೆ ಎತ್ತರ ಬೇಕು, ಮುಂದೆ ಬಾಗಿಲು ತಗ್ಗು ಬೇಕು. ಕೊಯ್ದ ಅಂಚು ಚೂಪಿರುತ್ತೆ, ಉಪ್ಪುಕಾಗದ ಉಜ್ಜಿ ಮೇಲೆ ಸೈಕಲ್ ಟ್ಯೂಬ್ ಸೀಳಿ ಕೂರಿಸಿದೆ. ನಾಲ್ಕು ಬೆರಳೂ ಕಷ್ಟ ಅಂದ್ರೆ ಮುಂದೊಂದು ಹಲಗೆ ಇಡಿ, ಜಾರದ ಹಾಗೆ ಗೋಣಿ ಸುತ್ತಿ. ಮುಚ್ಚಳ ಇರೋ ಗೂಡಿನ ಥರದ್ದು ನನಗಂತೂ ಇಷ್ಟ ಇಲ್ಲ, ಬಗ್ಗಿ ಒಳಹೋಗ್ಬೇಕು, ವಾಸನೆ ಒಳಗೇ ನಿಲ್ಲುತ್ತೆ.

ಟ್ರೇ ಚೆನ್ನಾಗಿದ್ರೂ ಅಲ್ಲಿಗೆ ತಲುಪೋ ದಾರಿ ಕೆಟ್ಟಿದ್ರೆ ಪ್ರಯೋಜನ ಇಲ್ಲ, ಇದು ನಮ್ಮ ಹಳೇ ಮನೆಗಳ ದೊಡ್ಡ ಸಮಸ್ಯೆ. ಹೊಸ್ತಿಲು! ನಮ್ಮ ಜಗಲಿಯಿಂದ ಬಚ್ಚಲಿಗೆ ಹೋಗೋಕೆ ಮೂರು ಹೊಸ್ತಿಲು ದಾಟ್ಬೇಕು, ಒಂದೊಂದೂ ಮೊಣಕಾಲ ಹತ್ರ ಬರೋ ಮರ. ಬೆಕ್ಕಿನ ಎತ್ತರಕ್ಕೆ ಅದು ಕಾಂಪೌಂಡ್ ಗೋಡೆ. ನೆಲ ಬೇರೆ ರೆಡ್ ಆಕ್ಸೈಡ್, ಉಜ್ಜಿ ಉಜ್ಜಿ ಕನ್ನಡಿ ಆಗಿದೆ, ಹಿಂಗಾಲು ಜಾರುತ್ತೆ. ಹೊಸ್ತಿಲ ಎರಡೂ ಕಡೆ ಇಟ್ಟಿಗೆ ಇಟ್ಟು ಮೆಟ್ಟಿಲು ಮಾಡಿ, ಹೊಸ್ತಿಲು ತುಳಿಯೋದು ಅಂತ ಅತ್ತೆ ಮುಖ ಸಿಂಡರಿಸಿದ್ರು, ಬೆಕ್ಕಿಗೆ ಶಾಸ್ತ್ರ ಇಲ್ಲ ಅಂತ ಮಾವ ಹೇಳಿ ಬಗೆಹರಿಸಿದ್ರು. ನಡೆಯೋ ದಾರೀಲಿ ಹಳೇ ಚಾಪೆ ತುಂಡು ಹಾಸಿ. ಎಲ್ಲಕ್ಕಿಂತ ಸುಲಭ ಅಂದ್ರೆ ಬೆಕ್ಕು ಮಲಗೋ ಜಾಗದಿಂದ ಹತ್ತು ಹೆಜ್ಜೆ ಒಳಗೇ ಒಂದು ಟ್ರೇ, ಮನೆಯ ಇನ್ನೊಂದು ಕಡೆ ಇನ್ನೊಂದು. ಒಂದೇ ಬೆಕ್ಕಿದ್ರೂ ಎರಡು ಟ್ರೇ ಇರಲಿ, ಕೆಲವು ಬೆಕ್ಕಿಗೆ ಉಚ್ಚೆಗೊಂದು ಕಕ್ಕಕ್ಕೊಂದು ಬೇಕು. ಊಟದ ಬಟ್ಟಲಿನ ಪಕ್ಕ ಬೇಡ. ವಾಷಿಂಗ್ ಮಷಿನ್ ಪಕ್ಕ ಬೇಡ, ಕೂತಾಗಲೇ ಅದು ಗಡಗಡ ಅಂದ್ರೆ ಮತ್ತೆ ಆ ಕಡೆ ಹೋಗಲ್ಲ. ವಯಸ್ಸಾದ ಮೇಲೆ ಕಣ್ಣೂ ಮಂದ, ರಾತ್ರಿ ಒಂದು ಜೀರೋ ಬಲ್ಬ್ ಉರೀತಿರ್ಲಿ, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದ್ರೆ ಬರೋದು ಯಾವಾಗ ಅಂತ ನಿಮಗೇ ಗೊತ್ತು, ಚಾರ್ಜ್ ಆಗೋ ಚಿಕ್ಕ ಲೈಟ್ ಇಡಿ.

ಒಳಗೆ ಹಾಕೋದು ಎಂತ? ಹಿಂದೆ ಎಲ್ರ ಮನೇಲೂ ಮರಿಗಳಿಗೆ ಒಲೆ ಬೂದಿ ಹಾಕಿಡೋದು, ಅಮ್ಮ ಈಗಲೂ ಅದನ್ನೇ ಹೇಳ್ತಾರೆ. ಬೇಡ. ಬೂದಿ ನೀರಲ್ಲಿ ಬಟ್ಟೆ ಒಗೀತಿದ್ವಲ್ಲ, ಅದು ಕ್ಷಾರ, ಉಚ್ಚೆ ಬಿದ್ದು ಒದ್ದೆಯಾದ್ರೆ ಅಂಗಾಲಿಗೆ ಉರಿ, ಬೆಕ್ಕು ಕಾಲು ನೆಕ್ಕಿದಾಗ ಬಾಯಿಗೂ ಹೋಗುತ್ತೆ. ಭತ್ತದ ಉಮಿ ಚುಚ್ಚುತ್ತೆ, ಹೀರೋದೂ ಕಮ್ಮಿ. ಸಾಮಿಲ್ಲಿಂದ ತರೋ ಮರದ ಪುಡಿ ಪರವಾಗಿಲ್ಲ, ಆದ್ರೆ ನುಣ್ಣನೆ ಪುಡಿ ಮೂಗಿಗೆ ಹೋಗುತ್ತೆ, ಜರಡಿ ಹಿಡಿದು ದಪ್ಪದ್ದು ಬಳಸಿ, ಪಾಲಿಷ್ ಇಲ್ಲಾ ಗೆದ್ದಲ ಔಷಧಿ ಹೊಡೆದ ಮರದ್ದು ಮಾತ್ರ ಬೇಡ. ಹೊರಗೆ ಹೋಗಿ ಬೆಳೆದ ಬೆಕ್ಕಿಗೆ ನಿಜವಾಗಿ ಇಷ್ಟ ಆಗೋದು ಮಣ್ಣು ಮರಳು. ಮೇ ತಿಂಗಳಲ್ಲೇ, ಮಳೆ ಹಿಡಿಯೋಕೆ ಮುಂಚೆ, ಜರಡಿ ಹಿಡಿದ ಮರಳು ಬಿಸಿಲಲ್ಲಿ ಒಣಗಿಸಿ ನಾಲ್ಕು ಚೀಲ ತುಂಬಿ ಕೊಟ್ಟಿಗೇಲಿಟ್ಕೊಳಿ, ಜೂನಲ್ಲಿ ಹುಡುಕಿದ್ರೆ ಒಣ ಮರಳು ಎಲ್ಲಿಂದ ಬರ್ಬೇಕು. ಅಂಗಡಿಯ ಬೆಂಟೊನೈಟ್ ಅನ್ನೋ ಜೇಡಿಮಣ್ಣಿನ ಲಿಟ್ಟರ್ ಉಂಡೆ ಕಟ್ಟುತ್ತೆ, ಅದರ ಲಾಭ ಅಂದ್ರೆ ಉಂಡೆ ಎಣಿಸಿ, ಸೈಜ್ ನೋಡಿ ಉಚ್ಚೆ ಜಾಸ್ತಿ ಆಗಿದ್ಯಾ ಅಂತ ಗೊತ್ತಾಗುತ್ತೆ, ಆದ್ರೆ ಪ್ಯಾಕೆಟ್ ಬಾಯಿ ತೆರೆದಿಟ್ರೆ ನಮ್ಮ ಥಂಡಿಗೆ ತಾನೇ ಗಟ್ಟಿಯಾಗುತ್ತೆ, ಬಿಸ್ಕೆಟ್ ಡಬ್ಬಿಗೆ ಹಾಕಿ. ನಾನು ಈಗ ಅರ್ಧ ಮರಳು ಅರ್ಧ ಅದು ಮಾಡಿದೀನಿ, ದುಡ್ಡೂ ಉಳೀತು. ಸುವಾಸನೆ ಇರೋದು ತರಬೇಡಿ, ಆ ಮಲ್ಲಿಗೆ ಲ್ಯಾವೆಂಡರ್ ವಾಸನೆ ನಮಗೆ ಚೆಂದ, ಬೆಕ್ಕಿನ ಮೂಗಿಗೆ ಹಿಂಸೆ. ಬದಲಾಯಿಸುವಾಗ ಹಳೇದ್ರಲ್ಲಿ ಹೊಸದು ಕಾಲು ಭಾಗ ಬೆರೆಸಿ, ವಾರ ಹತ್ತು ದಿನದಲ್ಲಿ ನಿಧಾನಕ್ಕೆ ಪೂರ್ತಿ. ಆಳ ಎರಡು ಬೆರಳು ಸಾಕು, ಜಾಸ್ತಿ ಹಾಕಿದ್ರೆ ಕೆಸರು ಗದ್ದೇಲಿ ಕಾಲು ಹೂತಂಗೆ, ನೋವಿರೋ ಕಾಲಿಗೆ ಕಷ್ಟ. ದಿನಕ್ಕೆ ಎರಡು ಸಲ ತೆಗೀರಿ, ಇದ್ರಲ್ಲಿ ಶಾರ್ಟ್‌ಕಟ್ ಇಲ್ಲ.

ಹೊಯ್ದ ಜಾಗ ತೊಳೆಯೋದು. ಎಲ್ರೂ ಮೊದಲು ಫಿನಾಯಿಲ್ ಎತ್ಕೋತಾರೆ. ಫಿನಾಯಿಲ್, ಡೆಟಾಲ್ ಥರದ್ದು ಬೆಕ್ಕಿಗೆ ವಿಷ, ನೆಲದಿಂದ ಕಾಲಿಗೆ, ಕಾಲಿಂದ ನಾಲಿಗೆಗೆ. ಬ್ಲೀಚಿಂಗ್ ಪೌಡರ್ ಉಚ್ಚೆಯ ಅಮೋನಿಯಾ ಜೊತೆ ಸೇರಿದ್ರೆ ಕೆಟ್ಟ ಗಾಳಿ ಏಳುತ್ತೆ, ನಿಮ್ಮ ಎದೆಗೂ ಒಳ್ಳೇದಲ್ಲ. ಮೊದಲು ಹಳೇ ಬಟ್ಟೇಲಿ ಒತ್ತಿ ಹೀರಿ, ತಣ್ಣೀರು ಹಾಕಿ ಮತ್ತೆ ಒತ್ತಿ, ಆಮೇಲೆ ಎನ್‌ಜೈಮ್ ಇರೋ ಬಟ್ಟೆ ತೊಳೆಯೋ ಪುಡಿ ಉಗುರು ಬೆಚ್ಚಗಿನ ನೀರಲ್ಲಿ ಕರಗಿಸಿ ಹತ್ತು ಹದಿನೈದು ನಿಮಿಷ ನೆನೆಯೋಕೆ ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಿ. ವಿನೆಗರ್ ಸಿಮೆಂಟ್ ನೆಲದ ಪಾಲಿಷ್ ತಿನ್ನುತ್ತೆ, ಮೂಲೇಲಿ ಟೆಸ್ಟ್ ಮಾಡಿ. ಉಚ್ಚೆ ವಾಸನೆ ಬರೀ ನೀರಿಗೆ ಪೂರ್ತಿ ಹೋಗಲ್ಲ, ಬೇಸಿಗೇಲಿ ವಾಸನೆ ಹೋಯ್ತು ಅಂದ್ಕೊಂಡಿರ್ತೀರ, ಮಳೆ ಹಿಡಿದು ಗಾಳಿ ಥಂಡಿ ಆದ ತಕ್ಷಣ ಮತ್ತೆ ಎದ್ದು ಬರುತ್ತೆ, ಬೆಕ್ಕು ಅದೇ ವಾಸನೆ ಹಿಡಿದು ಅಲ್ಲಿಗೇ ಹೋಗುತ್ತೆ. ಗೋಣಿ ಪೂರ್ತಿ ನೆನೆದಿದ್ರೆ ಆಸೆ ಬಿಡಿ, ತೋಟಕ್ಕೆ ಎಸೀರಿ.

ಕಕ್ಕ ಮಾತ್ರ ಹೊರಗೆ ಮಾಡ್ತಿದ್ರೆ ಅದು ಗಟ್ಟಿಯಾ, ಅಡಿಕೆ ಥರ ಉಂಡೆ ಉಂಡೆನಾ ನೋಡಿ. ಮಲಬದ್ಧತೆ ಇರೋ ಬೆಕ್ಕಿಗೆ ಟ್ರೇಲಿ ಕೂತಾಗ ನೋವಾಗಿರುತ್ತೆ, ಆ ನೋವು ಟ್ರೇ ಕೊಡ್ತಿದೆ ಅಂತ ಅಂದ್ಕೊಳ್ಳುತ್ತೆ, ಅರ್ಧ ಮಾಡಿ ಎದ್ದು ಓಡುತ್ತೆ. ನೀರಿನ ಅಂಶ ಜಾಸ್ತಿ ಇರೋ ಊಟ ಬೇಕು. ನಮ್ಮನೇಲಿ ಮೀನು ಒಳಗೆ ಬರಲ್ಲ, ಪೌಚಲ್ಲಿ ಬರೋ ಒದ್ದೆ ಕ್ಯಾಟ್‌ಫುಡ್ ಮಾತ್ರ ಅತ್ತೆ ಕಣ್ಣಿಗೆ ಬೀಳದ ಹಾಗೆ ಸೌದೆ ಕೊಟ್ಟಿಗೇಲಿ ನಡೆಯುತ್ತೆ (ಅತ್ತೆಗೆ ಗೊತ್ತು, ಗೊತ್ತಿಲ್ಲದಂಗೆ ಇರ್ತಾರೆ). ಹಾಲು ಅನ್ನ ಹಾಕಿ ಸಾಕ್ತೀವಿ ಅನ್ನೋದು ಎಳೇ ಬೆಕ್ಕು ಇಲಿ ಹಿಡಿದು ತಿಂತಿದ್ದ ಕಾಲಕ್ಕೆ ನಡೀತಿತ್ತು, ಬೇಟೆ ಬಿಟ್ಟ ಮುದುಕನಿಗೆ ಅದು ಸಾಲಲ್ಲ. ಕಿಡ್ನಿ ತೊಂದರೆ ಇದ್ರೆ ಅದಕ್ಕೇ ಅಂತ ಬೇರೆ ಆಹಾರ ಇದೆ, ಡಾಕ್ಟ್ರನ್ನ ಕೇಳಿ.

ಇನ್ನು ಭಾವ ಹೇಳಿದ ಅರಳು ಮರಳು, ಅದೂ ಪೂರ್ತಿ ಸುಳ್ಳಲ್ಲ, ಬೆಕ್ಕಿಗೂ ಮರೆವಿನ ಕಾಯಿಲೆ ಬರುತ್ತೆ. ರಾತ್ರಿ ಕಾರಣ ಇಲ್ಲದೇ ಕೂಗೋದು, ಗೋಡೆ ನೋಡ್ಕೊಂಡು ನಿಲ್ಲೋದು, ಗೊತ್ತಿರೋ ಮನೇಲೇ ದಾರಿ ತಪ್ಪೋದು. ಆದ್ರೆ ಬಿಪಿ, ಥೈರಾಯ್ಡ್, ನೋವು ಇದ್ರೂ ಹಂಗೇ ಕೂಗುತ್ತೆ, ಅವನ್ನೆಲ್ಲಾ ನೋಡಿ ಆದ ಮೇಲೆ ಕೊನೇಗೆ ಆ ಹೆಸರು ಇಡಿ, ಮೊದಲೇ ಅಲ್ಲ. ಮೂಗು ಉಚ್ಚೆಗೆ ಉಜ್ಜೋದು, ಹೊಡೆಯೋದು ಮಾಡಿದ್ರೆ ನೀವಿಲ್ಲದ ಹೊತ್ತು ನೋಡಿ ಮಂಚದ ಕೆಳಗೆ ಹೊಯ್ಯೋದನ್ನ ಕಲಿಯುತ್ತೆ, ಇನ್ನೇನೂ ಕಲಿಯಲ್ಲ.

ಮಾಣಿ ಈಗ ಬಚ್ಚಲ ಒಲೆ ಪಕ್ಕದ ಕೊಯ್ದ ಡಬ್ಬದಲ್ಲಿ ಹೋಗ್ತಾನೆ, ಹತ್ತರಲ್ಲಿ ಒಂಬತ್ತು ಸಲ. ಉಳಿದ ಒಂದು ಸಲಕ್ಕೆ ಅಂತ ಜಗಲೀಲಿ ಅಡಿಕೆ ಮೂಟೆ ಮೇಲೆ ಟಾರ್ಪಾಲ್ ಹೊದಿಸಿ, ಅವನಿಗೆ ಅಂತಾನೇ ಒಂದು ಹಳೇ ಗೋಣಿ, ಅದರ ಕೆಳಗೆ ರೆಕ್ಸಿನ್ ಶೀಟ್ ಹಾಸಿಟ್ಟಿದೀನಿ.